ಜಾನ್ ರೀತ್

ಜಾನ್ ಚಾರ್ಲ್ಸ್ ವಾಲ್ಷಮ್ ರೀತ್ (20 ಜುಲೈ 1889 – 16 ಜೂನ್ 1971) ಬ್ರಿಟನ್ನಿನ ಪ್ರಸಾರ ಸಂಸ್ಥೆಯಾದ ಬಿಬಿಸಿಯ ಮೊದಲ ಪ್ರಧಾನ ವ್ಯವಸ್ಥಾಪಕರು ಹಾಗೂ ಮೊದಲ ಮಹಾನಿರ್ದೇಶಕರು. ವೃತ್ತಿಯಿಂದ ಇಂಜಿನಿಯರ್ ಆಗಿದ್ದ ಇವರು 1922ರಿಂದ 1938ರವರೆಗೆ ಆ ಸಂಸ್ಥೆಯನ್ನು ನಡೆಸಿದರು. ಬಾನುಲಿಯು ಸರ್ಕಾರದ ಇಲಾಖೆಯೂ ಆಗಬಾರದು, ಲಾಭಕ್ಕಾಗಿ ನಡೆಯುವ ವ್ಯಾಪಾರವೂ ಆಗಬಾರದು, ಸಾರ್ವಜನಿಕ ಸೇವೆಯಾಗಿರಬೇಕು ಎಂಬ ವಿಚಾರವನ್ನು ಕಾರ್ಯರೂಪಕ್ಕೆ ತಂದವರಲ್ಲಿ ಇವರು ಪ್ರಮುಖರು. ಪ್ರಸಾರ ಮಾಧ್ಯಮದ ಸ್ವಾತಂತ್ರ್ಯ ಮತ್ತು ಸರ್ಕಾರದ ನಿಯಂತ್ರಣಗಳ ಕುರಿತ ಚರ್ಚೆಯಲ್ಲಿ ಇವರ ಹೆಸರು ಎರಡು ಕಾರಣಗಳಿಗೆ ಬರುತ್ತದೆ. ಸ್ವತಂತ್ರ ಪ್ರಸಾರ ನಿಗಮದ ಮಾದರಿಯನ್ನು ಕಟ್ಟಿಕೊಟ್ಟವರು ಇವರು. ಆ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು ಸರ್ಕಾರಕ್ಕೆ ಎಷ್ಟು ಮಣಿಯಬೇಕಾಗುತ್ತದೆ ಎಂಬುದಕ್ಕೆ ನಿದರ್ಶನವಾದವರೂ ಇವರೇ.

ಬಾಲ್ಯ ಮತ್ತು ಆರಂಭದ ವೃತ್ತಿಜೀವನ

ರೀತ್ ಅವರು ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸ್ಟೋನ್‌ಹೇವನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜಾರ್ಜ್ ರೀತ್ ಗ್ಲಾಸ್ಗೋ ನಗರದ ಚರ್ಚೊಂದರಲ್ಲಿ ಧರ್ಮೋಪದೇಶಕರಾಗಿದ್ದರು. ಏಳು ಮಕ್ಕಳಲ್ಲಿ ಜಾನ್ ಕಿರಿಯವರು. ಮನೆಯ ಕಟ್ಟುನಿಟ್ಟಾದ ಪ್ರೆಸ್ಬಿಟೇರಿಯನ್ ಸಂಸ್ಕಾರ ಇವರಲ್ಲಿ ಕೊನೆಯವರೆಗೂ ಉಳಿಯಿತು. ಗ್ಲಾಸ್ಗೋ ಅಕಾಡೆಮಿಯಲ್ಲಿಯೂ ನಂತರ ಇಂಗ್ಲೆಂಡಿನ ಗ್ರೆಷಮ್ಸ್ ಶಾಲೆಯಲ್ಲಿಯೂ ಓದಿದರು. ವಿಶ್ವವಿದ್ಯಾಲಯಕ್ಕೆ ಹೋಗಬೇಕೆಂಬ ಆಸೆ ಕೈಗೂಡಲಿಲ್ಲ. ತಂದೆಯ ತೀರ್ಮಾನದಂತೆ ರೈಲ್ವೆ ಇಂಜಿನ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಈ ಕೊರಗು ಅವರನ್ನು ಬಹುಕಾಲ ಕಾಡಿತು.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿದ್ದಾಗ, 1915ರ ಅಕ್ಟೋಬರಿನಲ್ಲಿ, ಶತ್ರುವಿನ ಗುಂಡು ಇವರ ಕೆನ್ನೆಗೆ ತಗುಲಿತು. ಆ ಗಾಯದ ಗುರುತು ಮುಖದ ಮೇಲೆ ಶಾಶ್ವತವಾಗಿ ಉಳಿಯಿತು. ಆರೂವರೆ ಅಡಿ ಎತ್ತರ, ಕೆನ್ನೆಯ ಮೇಲಿನ ಕಲೆ ಮತ್ತು ನಗುವಿಲ್ಲದ ಮುಖ ಸೇರಿ ಇವರನ್ನು ಕಂಡವರಿಗೆ ಅಂಜಿಕೆ ಹುಟ್ಟಿಸುತ್ತಿದ್ದುವು. ಗಾಯದ ಬಳಿಕ ಅಮೆರಿಕದಲ್ಲಿದ್ದು, ಬ್ರಿಟಿಷ್ ಸೇನೆಗಾಗಿ ಅಲ್ಲಿ ತಯಾರಾಗುತ್ತಿದ್ದ ಬಂದೂಕುಗಳ ತಪಾಸಣೆಯ ಕೆಲಸ ಮಾಡಿದರು. 1921ರಲ್ಲಿ ಮ್ಯೂರಿಯಲ್ ಓಡಮ್ಸ್ ಅವರನ್ನು ವಿವಾಹವಾದರು.

ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿ

1904ರ ಕಾಯ್ದೆಯ ಪ್ರಕಾರ ಬ್ರಿಟನ್ನಿನಲ್ಲಿ ನಿಸ್ತಂತು ಯಂತ್ರವನ್ನು ಬಳಸಲು ಅಂಚೆ ಖಾತೆಯ ಸಚಿವರಾದ ಪೋಸ್ಟ್‌ಮಾಸ್ಟರ್ ಜನರಲ್ ಅವರ ಪರವಾನಗಿ ಬೇಕಾಗಿತ್ತು. ಮೊದಲನೆಯ ಮಹಾಯುದ್ಧದ ನಂತರ ಅನೇಕ ಕಂಪನಿಗಳು ಪ್ರಸಾರಕ್ಕೆ ಅನುಮತಿ ಬೇಡಿದವು. ಹತ್ತಾರು ಕೇಂದ್ರಗಳು ಒಮ್ಮೆಲೇ ಹುಟ್ಟಿದರೆ ಅಮೆರಿಕದಲ್ಲಿ ಆದಂತೆ ಒಂದರ ಧ್ವನಿ ಇನ್ನೊಂದರ ಮೇಲೆ ಬಿದ್ದು ಗೊಂದಲವಾಗುತ್ತದೆ ಎಂಬ ಆತಂಕ ಅಂಚೆ ಇಲಾಖೆಗಿತ್ತು. ಆದುದರಿಂದ ರೇಡಿಯೋ ತಯಾರಕರೆಲ್ಲರೂ ಒಂದಾಗಿ ಒಂದೇ ಕಂಪನಿಯನ್ನು ಸ್ಥಾಪಿಸುವಂತೆ ಅದು ಸೂಚಿಸಿತು. ಹೀಗೆ 1922ರ ಅಕ್ಟೋಬರಿನಲ್ಲಿ ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಹುಟ್ಟಿತು. ನವೆಂಬರ್ 14ರಂದು ಲಂಡನ್ನಿನಿಂದ ಪ್ರಸಾರ ಆರಂಭವಾಯಿತು. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೆ 10 ಷಿಲಿಂಗ್ ಪರವಾನಗಿ ಶುಲ್ಕ ಕಟ್ಟಬೇಕಿತ್ತು. ಅದರ ಒಂದು ಪಾಲು ಕಂಪನಿಗೆ ಸಲ್ಲುತ್ತಿತ್ತು.

ಕಂಪನಿಯ ಪ್ರಧಾನ ವ್ಯವಸ್ಥಾಪಕರ ಹುದ್ದೆಯ ಜಾಹೀರಾತನ್ನು ಪತ್ರಿಕೆಯಲ್ಲಿ ಕಂಡು ರೀತ್ ಅರ್ಜಿ ಬರೆದರು. ಅರ್ಜಿಯನ್ನು ತಮ್ಮ ಕ್ಲಬ್ಬಿನ ಅಂಚೆ ಪೆಟ್ಟಿಗೆಗೆ ಹಾಕಿದ ಮೇಲೆ, ಆಯ್ಕೆ ಮಾಡುವವರಾದ ಸರ್ ವಿಲಿಯಂ ನೋಬಲ್ ಅಬರ್ಡೀನ್ ಕಡೆಯವರೆಂದು ತಿಳಿಯಿತು. ಕೂಡಲೇ ಪತ್ರವನ್ನು ಹಿಂದಕ್ಕೆ ಪಡೆದು, ತಮ್ಮ ವಂಶದ ಮೂಲವೂ ಅಬರ್ಡೀನ್ ಎಂಬುದನ್ನು ಸೇರಿಸಿ ಮತ್ತೆ ಹಾಕಿದರು. ಡಿಸೆಂಬರಿನಲ್ಲಿ ಕೆಲಸ ದೊರೆಯಿತು. ಆಗ ಪ್ರಸಾರವೆಂದರೇನೆಂಬುದೇ ಇವರಿಗೆ ಸರಿಯಾಗಿ ತಿಳಿದಿರಲಿಲ್ಲ. ಕಂಪನಿಯಲ್ಲಿದ್ದ ಸಿಬ್ಬಂದಿ ನಾಲ್ಕೇ ಮಂದಿ.

ಕೆಲವೇ ತಿಂಗಳಲ್ಲಿ ರೀತ್ ತಮ್ಮ ನಿಲುವನ್ನು ರೂಪಿಸಿಕೊಂಡರು. ಇಡೀ ದೇಶಕ್ಕೆ ಒಂದೇ ಪ್ರಸಾರ ಸಂಸ್ಥೆ ಇರಬೇಕು. ಅದಕ್ಕೆ ಜಾಹೀರಾತಿನ ಹಣ ಬೇಡ. ಕೇಳುಗರು ಬಯಸುವುದನ್ನಷ್ಟೇ ಕೊಡದೆ ಅವರ ಅಭಿರುಚಿಯನ್ನು ಮೇಲಕ್ಕೆತ್ತಬೇಕು. ಉತ್ತಮವಾದುದೆಲ್ಲವೂ ಅರಮನೆಗೂ ಗುಡಿಸಲಿಗೂ ಸಮಾನವಾಗಿ ತಲುಪಬೇಕು. ಇವುಗಳನ್ನು 1924ರ ಬ್ರಾಡ್‌ಕಾಸ್ಟ್ ಓವರ್ ಬ್ರಿಟನ್ ಎಂಬ ಪುಸ್ತಕದಲ್ಲಿ ಪ್ರತಿಪಾದಿಸಿದರು. ಜನರಿಗೆ ಏನು ಬೇಕೆಂಬುದು ಜನರಿಗಿಂತ ಚೆನ್ನಾಗಿ ತಮಗೆ ಗೊತ್ತು ಎಂಬ ಭಾವ ಈ ವಾದದಲ್ಲಿ ಅಡಗಿದೆಯೆಂದು ಟೀಕಿಸಿದವರು ಅಂದೂ ಇದ್ದರು, ಇಂದೂ ಇದ್ದಾರೆ.

ಈ ಅವಧಿಯಲ್ಲಿ ಎರಡು ಕಡೆಯಿಂದ ನಿರ್ಬಂಧಗಳಿದ್ದುವು. ಪತ್ರಿಕೆಗಳ ಮಾಲೀಕರು ತಮ್ಮ ಮಾರಾಟ ಕುಸಿಯುವುದೆಂದು ಹೆದರಿ, ಸಂಜೆ ಏಳು ಗಂಟೆಗೆ ಮುಂಚೆ ಸುದ್ದಿ ಬಿತ್ತರವಾಗದಂತೆ ನೋಡಿಕೊಂಡರು. ಆ ಸುದ್ದಿಯೂ ಸುದ್ದಿಸಂಸ್ಥೆಗಳು ಒದಗಿಸಿದ್ದೇ ಆಗಿರಬೇಕಿತ್ತು. ಅಂಚೆ ಇಲಾಖೆಯು ವಿವಾದಾತ್ಮಕ ವಿಷಯಗಳ ಪ್ರಸಾರವನ್ನು ತಡೆಯುತ್ತಿತ್ತು. ರೀತ್ ಎರಡನ್ನೂ ಪದೇ ಪದೇ ಪ್ರತಿಭಟಿಸಿದರು. 1923ರಲ್ಲಿ ಪ್ರಸಾರದ ಭವಿಷ್ಯವನ್ನು ಪರಿಶೀಲಿಸಿದ ಸಮಿತಿಯಲ್ಲಿ ಇವರೂ ಸದಸ್ಯರಾಗಿದ್ದರು. ಅದರ ಅಧ್ಯಕ್ಷ ಸರ್ ಫ್ರೆಡರಿಕ್ ಸೈಕ್ಸ್ ಮುಂದೆ 1928ರಿಂದ 1933ರವರೆಗೆ, ಧಾರವಾಡ, ಬೆಳಗಾವಿ, ವಿಜಾಪುರಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತಕ್ಕೆ ಗವರ್ನರ್ ಆಗಿ ಬಂದರು. ಜನಾಭಿಪ್ರಾಯದ ಮೇಲೆ ಇಷ್ಟು ಪ್ರಭಾವ ಬೀರಬಲ್ಲ ಸಾಧನದ ಮೇಲೆ ಅಂತಿಮ ಹಿಡಿತ ರಾಜ್ಯದ್ದಾಗಿರಬೇಕು, ಆದರೆ ಅದನ್ನು ಸರ್ಕಾರವೇ ನೇರವಾಗಿ ನಡೆಸುವುದು ಉಚಿತವಲ್ಲ ಎಂಬುದು ಸೈಕ್ಸ್ ಸಮಿತಿಯ ಅಭಿಪ್ರಾಯ. 1925ರಲ್ಲಿ ನೇಮಕವಾದ ಕ್ರಾಫರ್ಡ್ ಸಮಿತಿ ಇನ್ನೂ ಮುಂದೆ ಹೋಗಿ, ಕಂಪನಿಯನ್ನು ರದ್ದುಗೊಳಿಸಿ ಅದರ ಸ್ಥಾನದಲ್ಲಿ ಸಾರ್ವಜನಿಕ ನಿಗಮವನ್ನು ಸ್ಥಾಪಿಸಬೇಕೆಂದು 1926ರ ವಸಂತದಲ್ಲಿ ಶಿಫಾರಸು ಮಾಡಿತು. ಸರ್ಕಾರ ಇದನ್ನು ಒಪ್ಪುವ ಮೊದಲೇ ದೊಡ್ಡದೊಂದು ಪರೀಕ್ಷೆ ಎದುರಾಯಿತು.

1926ರ ಸಾರ್ವತ್ರಿಕ ಮುಷ್ಕರ

ಕಲ್ಲಿದ್ದಲ ಗಣಿ ಕಾರ್ಮಿಕರ ಕೂಲಿಯನ್ನು ಕಡಿತಗೊಳಿಸಲು ಮಾಲೀಕರು ಮುಂದಾದಾಗ ಅವರನ್ನು ಬೆಂಬಲಿಸಿ ಕಾರ್ಮಿಕ ಸಂಘಗಳ ಮಹಾಸಭೆಯಾದ ಟಿಯುಸಿ ಸಾರ್ವತ್ರಿಕ ಮುಷ್ಕರಕ್ಕೆ ಕರೆ ನೀಡಿತು. 1926ರ ಮೇ 3ರ ಮಧ್ಯರಾತ್ರಿಯಿಂದ ರೈಲು, ಬಸ್ಸು, ಬಂದರು, ಮುದ್ರಣ ಎಲ್ಲವೂ ನಿಂತವು. ಮುದ್ರಣದ ಕಾರ್ಮಿಕರೂ ಮುಷ್ಕರದಲ್ಲಿದ್ದುದರಿಂದ ಬಹುತೇಕ ಪತ್ರಿಕೆಗಳು ಹೊರಬರಲಿಲ್ಲ, ಬಂದವು ಒಂದೆರಡು ಹಾಳೆಯವು. ಸರ್ಕಾರ ಬ್ರಿಟಿಷ್ ಗೆಜೆಟ್ ಎಂಬ ತನ್ನದೇ ಪತ್ರಿಕೆ ಹೊರಡಿಸಿತು. ಅದರ ಹೊಣೆ ಹೊತ್ತವರು ಅರ್ಥ ಸಚಿವ ವಿನ್‌ಸ್ಟನ್ ಚರ್ಚಿಲ್. ಟಿಯುಸಿಯ ಕಡೆಯಿಂದ ಬ್ರಿಟಿಷ್ ವರ್ಕರ್ ಬಂದಿತು. ಇವೆರಡರ ನಡುವೆ ದೇಶದುದ್ದಕ್ಕೂ ಸುದ್ದಿ ತಲುಪಿಸಬಲ್ಲ ಸಾಧನವೆಂದರೆ ಬಾನುಲಿ. ಏಳು ಗಂಟೆಯ ನಿರ್ಬಂಧ ತಾನಾಗಿಯೇ ಬಿದ್ದುಹೋಗಿ, ದಿನಕ್ಕೆ ಐದು ವಾರ್ತಾಪ್ರಸಾರಗಳು ಶುರುವಾದವು.

ತುರ್ತು ಸಂದರ್ಭದಲ್ಲಿ ಪ್ರಸಾರ ಕೇಂದ್ರಗಳನ್ನು ವಶಪಡಿಸಿಕೊಳ್ಳುವ ಅಧಿಕಾರ ಸರ್ಕಾರಕ್ಕಿತ್ತು. ಚರ್ಚಿಲ್ ಮತ್ತು ಕೆಲವು ಸಚಿವರು ಹಾಗೆಯೇ ಮಾಡಬೇಕೆಂದು ಒತ್ತಾಯಿಸಿದರು. ಪ್ರಧಾನಿ ಸ್ಟಾನ್ಲಿ ಬಾಲ್ಡ್‌ವಿನ್ ಅವರಿಗೆ ಅದು ಇಷ್ಟವಿರಲಿಲ್ಲ. ಆದರೆ ವಶಪಡಿಸಿಕೊಳ್ಳುವುದಿಲ್ಲ ಎಂದೂ ಅವರು ಬಹಿರಂಗವಾಗಿ ಹೇಳಲಿಲ್ಲ. ತೂಗುಕತ್ತಿ ತಲೆಯ ಮೇಲೆ ಹಾಗೆಯೇ ಇತ್ತು. ಸರ್ಕಾರದ ಪರವಾಗಿ ಸುದ್ದಿಯ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಜೆ. ಸಿ. ಸಿ. ಡೇವಿಡ್‌ಸನ್, ವಾರ್ತೆಗಳು ಪ್ರಸಾರಕ್ಕೆ ಮೊದಲು ನೌಕಾಖಾತೆಯ ಕಟ್ಟಡದಲ್ಲಿದ್ದ ಅವರ ಕಚೇರಿಯನ್ನು ಹಾದು ಬರುತ್ತಿದ್ದವು. ಪರವಾನಗಿ ಕೊಡುವ ಪೋಸ್ಟ್‌ಮಾಸ್ಟರ್ ಜನರಲ್ ಅವರೇ ಆ ದಿನಗಳಲ್ಲಿ ಮುಷ್ಕರವನ್ನು ಎದುರಿಸುವ ಸರ್ಕಾರಿ ವ್ಯವಸ್ಥೆಯ ಮುಖ್ಯಸ್ಥರೂ ಆಗಿದ್ದರು.

ಈ ಸ್ಥಿತಿಯಲ್ಲಿ ರೀತ್ ತೆಗೆದುಕೊಂಡ ನಿರ್ಧಾರಗಳು ಇಂದಿಗೂ ಚರ್ಚೆಯ ವಿಷಯ. ಬಿಬಿಸಿ ವಾರ್ತೆಗಳಲ್ಲಿ ಟಿಯುಸಿಯ ಹೇಳಿಕೆಗಳಿಗೂ ಸ್ಥಾನ ದೊರೆಯಿತು. ಬ್ರಿಟಿಷ್ ಗೆಜೆಟ್ಟಿನ ಧಾಟಿಗೆ ಹೋಲಿಸಿದರೆ ಬಾನುಲಿಯ ವಾರ್ತೆ ಸಂಯಮದಿಂದ ಕೂಡಿತ್ತು. ಆದರೆ ಮಾತನಾಡುವ ಅವಕಾಶ ಎಲ್ಲರಿಗೂ ಸಿಗಲಿಲ್ಲ. ಮೇ 8ರಂದು ಪ್ರಧಾನಿ ಬಾಲ್ಡ್‌ವಿನ್ ದೇಶವನ್ನುದ್ದೇಶಿಸಿ ಮಾತನಾಡಿದ್ದು ವೆಸ್ಟ್‌ಮಿನ್‌ಸ್ಟರಿನ ಬಾರ್ಟನ್ ಬೀದಿಯಲ್ಲಿದ್ದ ರೀತ್ ಅವರ ಮನೆಯಿಂದಲೇ. ಭಾಷಣವನ್ನು ತಿದ್ದಲು ರೀತ್ ಸಲಹೆಯನ್ನೂ ಕೊಟ್ಟರು. ವಿರೋಧ ಪಕ್ಷವಾದ ಲೇಬರ್ ಪಕ್ಷದ ನಾಯಕ ರ‍್ಯಾಮ್ಸೆ ಮೆಕ್‌ಡೊನಾಲ್ಡ್ ಅದೇ ಅವಕಾಶ ಕೇಳಿದಾಗ, ಕೊಡುವುದು ನ್ಯಾಯವೆಂದು ರೀತ್ ಅವರಿಗೆ ಅನಿಸಿದ್ದರೂ, ಸರ್ಕಾರ ಒಪ್ಪದ ಕಾರಣ ನಿರಾಕರಿಸಿದರು. ಸಂಧಾನಕ್ಕೆ ಮನವಿ ಮಾಡಿಕೊಳ್ಳಲು ಬಯಸಿದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ರ‍್ಯಾಂಡಲ್ ಡೇವಿಡ್‌ಸನ್ ಅವರನ್ನೂ ಮೊದಲು ತಡೆಹಿಡಿಯಲಾಯಿತು. ಅವರ ಧ್ವನಿ ಕೇಳಿಬಂದದ್ದು ಮುಷ್ಕರ ಮುಗಿಯುವ ಮುನ್ನಾದಿನವಾದ ಮೇ 11ರಂದು. ಇವೆಲ್ಲ ಬಿಬಿಸಿಯದೇ ತೀರ್ಮಾನವೆಂಬಂತೆ ಹೊರಗೆ ಕಾಣುತ್ತಿತ್ತು. ಸರ್ಕಾರದ ಇಚ್ಛೆಗೆ ತಾವು ಬೈಗುಳ ತಿನ್ನಬೇಕಾಗಿ ಬಂದದ್ದಕ್ಕೆ ರೀತ್ ತಮ್ಮ ದಿನಚರಿಯಲ್ಲಿ ಅಸಮಾಧಾನ ತೋಡಿಕೊಂಡಿದ್ದಾರೆ.

ತಮ್ಮ ನಡೆಗೆ ಅವರು ಕೊಟ್ಟ ಸಮರ್ಥನೆ ಹೀಗಿತ್ತು: ಬಿಬಿಸಿ ಜನತೆಯ ಸಂಸ್ಥೆ, ಈ ಬಿಕ್ಕಟ್ಟಿನಲ್ಲಿ ಸರ್ಕಾರ ಜನತೆಯ ಪರವಾಗಿದೆ, ಆದುದರಿಂದ ಬಿಬಿಸಿಯೂ ಸರ್ಕಾರದ ಪರ ನಿಲ್ಲಬೇಕಾಗುತ್ತದೆ. ಮುಷ್ಕರ ಕಾನೂನುಬಾಹಿರವೆಂದು ನ್ಯಾಯಮೂರ್ತಿ ಆಸ್ಟ್‌ಬರಿ ನೀಡಿದ ತೀರ್ಪನ್ನೂ ಆಧಾರವಾಗಿ ತೋರಿಸಿದರು. ತರ್ಕ ಅಚ್ಚುಕಟ್ಟಾಗಿದ್ದರೂ ಎರಡನೆಯ ಮಾತು ನಿಜವೇ ಎಂಬುದೇ ಮುಷ್ಕರದ ಮೂಲ ಪ್ರಶ್ನೆಯಾಗಿತ್ತು. ಲಕ್ಷಾಂತರ ಕಾರ್ಮಿಕರು ಅದನ್ನು ಒಪ್ಪಿರಲಿಲ್ಲ, ಅವರೂ ಪರವಾನಗಿ ಶುಲ್ಕ ಕಟ್ಟುವ ಜನತೆಯೇ ಆಗಿದ್ದರು. ಇನ್ನೊಂದು ಕಡೆ, ರೀತ್ ಪ್ರತಿಭಟಿಸಿದ್ದರೆ ಚರ್ಚಿಲ್ ಬಣದ ಕೈ ಮೇಲಾಗಿ ಬಾನುಲಿಯು ಸರ್ಕಾರದ ಪ್ರಚಾರಯಂತ್ರವಾಗುತ್ತಿತ್ತು ಎಂಬ ವಾದವೂ ಹಗುರವಾದದ್ದಲ್ಲ. ವಶಪಡಿಸಿಕೊಳ್ಳದಿರಲು ಸಚಿವ ಸಂಪುಟ ತೀರ್ಮಾನಿಸಿದ್ದು ಮೇ 11ರಂದು, ಮುಷ್ಕರ ಕುಸಿಯುತ್ತಿದ್ದಾಗ. ಮರುದಿನ ಮುಷ್ಕರ ಅಂತ್ಯವಾದ ಸುದ್ದಿಯನ್ನು ರೀತ್ ಸ್ವತಃ ಓದಿದರು. ನಂತರ ವಿಲಿಯಂ ಬ್ಲೇಕ್ ಕವಿಯ ಜೆರುಸಲೇಮ್ ಗೀತೆಯ ಸಾಲುಗಳನ್ನು ವಾದ್ಯಮೇಳದೊಂದಿಗೆ ವಾಚಿಸಿದರು.

ನಿಗಮದ ಸ್ಥಾಪನೆ

1927ರ ಜನವರಿ 1ರಂದು ರಾಜಸನ್ನದಿನ ಮೂಲಕ ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಅಸ್ತಿತ್ವಕ್ಕೆ ಬಂದಿತು. ರೀತ್ ಮೊದಲ ಮಹಾನಿರ್ದೇಶಕರಾದರು. ಅದೇ ವರ್ಷ ಸರ್ ಪದವಿಯೂ ದೊರೆಯಿತು. ಸಂಸ್ಥೆಯನ್ನು ಸಂಸತ್ತಿನ ಕಾಯ್ದೆಯಿಂದ ಕಟ್ಟದೆ ಸನ್ನದಿನಿಂದ ಕಟ್ಟಿದ್ದಕ್ಕೆ ಕಾರಣವಿತ್ತು. ಅದು ಸಂಸತ್ತಿನ ಕೂಸು, ಆಳುವ ಪಕ್ಷದ ಕೈಗೊಂಬೆ ಎಂಬ ಭಾವನೆ ಬರಬಾರದೆಂಬುದು ಉದ್ದೇಶ. ಸರ್ಕಾರದ ಸಲಹೆಯಂತೆ ನೇಮಕವಾಗುವ ಆಡಳಿತ ಮಂಡಳಿ ಮೇಲೆ, ದಿನನಿತ್ಯದ ಕೆಲಸಕ್ಕೆ ಮಹಾನಿರ್ದೇಶಕ, ಖರ್ಚಿಗೆ ಕೇಳುಗರ ಪರವಾನಗಿ ಶುಲ್ಕ, ಅವಧಿ ಹತ್ತು ವರ್ಷ. ಅವಧಿ ಮುಗಿದಾಗ ಸನ್ನದನ್ನು ಮತ್ತೆ ಪಡೆಯಬೇಕು.

ಆದರೆ ಸನ್ನದಿನ ಜೊತೆಗೆ ಬಂದ ಪರವಾನಗಿಯಲ್ಲಿ ಬಿಗಿಯಾದ ಷರತ್ತುಗಳಿದ್ದುವು. ಯಾವುದೇ ವಿಷಯವನ್ನು ಬಿತ್ತರಿಸಕೂಡದೆಂದು ಪೋಸ್ಟ್‌ಮಾಸ್ಟರ್ ಜನರಲ್ ಲಿಖಿತ ಆದೇಶ ಹೊರಡಿಸಬಹುದಿತ್ತು; ಸರ್ಕಾರದ ಪ್ರಕಟಣೆಗಳನ್ನು ಪ್ರಸಾರ ಮಾಡಲೇಬೇಕಿತ್ತು; ತುರ್ತು ಪರಿಸ್ಥಿತಿಯಲ್ಲಿ ಕೇಂದ್ರಗಳನ್ನೇ ವಶಕ್ಕೆ ಪಡೆಯಬಹುದಿತ್ತು. ವಿವಾದಾತ್ಮಕ ವಿಷಯಗಳ ಮೇಲಿನ ನಿಷೇಧ ಮುಂದುವರಿಯಿತು. ರೀತ್ ಅವರ ಸತತ ಒತ್ತಾಯದ ಫಲವಾಗಿ 1928ರ ಮಾರ್ಚಿನಲ್ಲಿ ಅದು ತೆರವಾಯಿತು. ಸಾರ್ವಜನಿಕ ನೀತಿಯ ಬಗ್ಗೆ ನಿಗಮ ತನ್ನ ಸ್ವಂತ ಅಭಿಪ್ರಾಯ ಹೇಳಬಾರದೆಂಬ ನಿಯಮ ಮಾತ್ರ ಉಳಿಯಿತು. ಮುದ್ರಿತ ಪತ್ರಿಕೆಗೆ ಇಲ್ಲದ ಈ ಕಟ್ಟುಪಾಡು, ಎಲ್ಲ ಪಕ್ಷಗಳಿಗೂ ಸಮಾನ ಅಂತರ ಕಾಯುವ ಬಿಬಿಸಿ ಪದ್ಧತಿಗೆ ತಳಹದಿಯಾಯಿತು.

ಮಹಾನಿರ್ದೇಶಕರಾಗಿ

ರೀತ್ ಕಾಲದ ಬಿಬಿಸಿ ಅವರ ಸ್ವಭಾವದ ಪ್ರತಿಬಿಂಬ. ವಾರ್ತೆ ಓದುವವರು ಸಂಜೆಯ ಔಪಚಾರಿಕ ಉಡುಪು ಧರಿಸಬೇಕಿತ್ತು, ಅವರನ್ನು ಯಾರೂ ನೋಡುತ್ತಿರಲಿಲ್ಲವಾದರೂ. ಭಾನುವಾರ ಪ್ರಾರ್ಥನೆ ಮತ್ತು ಗಂಭೀರ ಸಂಗೀತಕ್ಕೆ ಮೀಸಲು; ಲಘು ಮನರಂಜನೆ ಇರಲಿಲ್ಲ. ಇದರಿಂದ ಬೇಸತ್ತ ಕೇಳುಗರು 1930ರ ದಶಕದಲ್ಲಿ ರೇಡಿಯೋ ನಾರ್ಮಂಡಿ ಮತ್ತು ರೇಡಿಯೋ ಲಕ್ಸೆಂಬರ್ಗ್ ಎಂಬ ಜಾಹೀರಾತಿನ ಕೇಂದ್ರಗಳತ್ತ ತಿರುಗಿದರು. ದೇಶದೊಳಗಿನ ಏಕಸ್ವಾಮ್ಯಕ್ಕೆ ಗಡಿಯಾಚೆಯ ಅಲೆಗಳನ್ನು ತಡೆಯಲಾಗಲಿಲ್ಲ. ಸಂಸ್ಥೆಯ ಮುಖ್ಯ ಇಂಜಿನಿಯರ್ ಪೀಟರ್ ಎಕರ್ಸ್ಲಿ ವಿಚ್ಛೇದನ ಪ್ರಕರಣದ ಕಾರಣದಿಂದ 1929ರಲ್ಲಿ ಕೆಲಸ ಬಿಡಬೇಕಾಯಿತು.

ಬೆಳವಣಿಗೆ ಮಾತ್ರ ಅಸಾಧಾರಣವಾಗಿತ್ತು. 1932ರಲ್ಲಿ ಬ್ರಾಡ್‌ಕಾಸ್ಟಿಂಗ್ ಹೌಸ್ ಕಟ್ಟಡ ಸಿದ್ಧವಾಯಿತು. ಅದೇ ಡಿಸೆಂಬರಿನಲ್ಲಿ ವಸಾಹತುಗಳಿಗಾಗಿ ಎಂಪೈರ್ ಸರ್ವಿಸ್ ಆರಂಭವಾಯಿತು. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಅರಮನೆಯಿಂದ ನಿಯತ ದೂರದರ್ಶನ ಪ್ರಸಾರ ಶುರುವಾಯಿತು. ಡಿಸೆಂಬರ್ 11ರಂದು ಸಿಂಹಾಸನ ತ್ಯಜಿಸಿದ ಎಂಟನೆಯ ಎಡ್ವರ್ಡ್ ಮಾತನಾಡಿದಾಗ ಅವರನ್ನು ಕೇಳುಗರಿಗೆ ಪರಿಚಯಿಸಿದವರು ರೀತ್.

ಸರ್ಕಾರದೊಡನೆ ಸಂಬಂಧ ಈ ವರ್ಷಗಳಲ್ಲಿ ಹೆಚ್ಚಾಗಿ ತೆರೆಮರೆಯಲ್ಲಿ ನಡೆಯಿತು. ಲಿಖಿತ ನಿಷೇಧಾಜ್ಞೆ ಹೊರಡಿಸುವ ಅಗತ್ಯ ಸಚಿವರಿಗೆ ಅಪರೂಪವಾಗಿ ಬೀಳುತ್ತಿತ್ತು, ಏಕೆಂದರೆ ಒಂದು ದೂರವಾಣಿ ಕರೆ ಅಥವಾ ಭೋಜನದ ವೇಳೆಯ ಮಾತುಕತೆ ಸಾಕಾಗುತ್ತಿತ್ತು. ಪ್ರಜೆ ಮತ್ತು ಸರ್ಕಾರವನ್ನು ಕುರಿತ ಉಪನ್ಯಾಸಮಾಲೆಯಲ್ಲಿ ಫ್ಯಾಸಿಸ್ಟ್ ನಾಯಕ ಆಸ್ವಾಲ್ಡ್ ಮೋಸ್ಲಿ ಮತ್ತು ಕಮ್ಯುನಿಸ್ಟ್ ನಾಯಕ ಹ್ಯಾರಿ ಪಾಲಿಟ್ ಇಬ್ಬರಿಗೂ ಅವಕಾಶ ಕೊಡಲು ಬಿಬಿಸಿ ಬಯಸಿದಾಗ ವಿದೇಶಾಂಗ ಖಾತೆ ಆಕ್ಷೇಪಿಸಿತು. ತಡೆದದ್ದು ತಾನೆಂದು ಬಹಿರಂಗಪಡಿಸಲು ಸರ್ಕಾರ ಸಿದ್ಧವಿರಲಿಲ್ಲ. ಕೊನೆಗೆ ಉಪನ್ಯಾಸಗಳು ನಡೆಯಲಿಲ್ಲ. ಬಹಿರಂಗ ಆದೇಶವಿದ್ದರೆ ಸಂಸತ್ತಿನಲ್ಲಿ ಪ್ರಶ್ನೆ ಏಳುತ್ತದೆ. ಸದ್ದಿಲ್ಲದ ಸೂಚನೆಗೆ ಉತ್ತರದಾಯಿಗಳೇ ಇರುವುದಿಲ್ಲ. ಬಿಬಿಸಿಯ ಹುದ್ದೆಗಳಿಗೆ ಬರುವವರ ರಾಜಕೀಯ ಹಿನ್ನೆಲೆಯನ್ನು ಎಂಐ5 ಗುಪ್ತಚರ ಸಂಸ್ಥೆಯಿಂದ ಪರಿಶೀಲಿಸುವ ಪದ್ಧತಿಯೂ 1930ರ ದಶಕದಲ್ಲೇ ಬೇರೂರಿತು. ಸಾರ್ವಜನಿಕರಿಗೆ ಇದು ತಿಳಿದದ್ದು 1985ರಲ್ಲಿ, ಪತ್ರಿಕಾ ವರದಿಯೊಂದರಿಂದ.

ಭಾರತದೊಡನೆ ಸಂಬಂಧ

ಭಾರತದಲ್ಲಿಯೂ ಬಿಬಿಸಿ ಮಾದರಿಯ ಪ್ರಸಾರ ಬರಬೇಕೆಂದು ರೀತ್ 1920ರ ದಶಕದಿಂದಲೇ ಲಂಡನ್ನಿನ ಇಂಡಿಯಾ ಕಚೇರಿಯನ್ನು ಒತ್ತಾಯಿಸುತ್ತಿದ್ದರು. 1927ರ ಜುಲೈನಲ್ಲಿ ಮುಂಬಯಿಯಲ್ಲಿ ಆರಂಭವಾದ ಖಾಸಗಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ನಷ್ಟದಿಂದ 1930ರಲ್ಲಿ ಮುಚ್ಚಿಹೋಯಿತು, ಪ್ರಸಾರ ಸರ್ಕಾರದ ಕೈಗೆ ಬಂದಿತು. 1935ರಲ್ಲಿ ಬಿಬಿಸಿಯಿಂದ ಲಯೊನೆಲ್ ಫೀಲ್ಡನ್ ಅವರು ಭಾರತದ ಮೊದಲ ಪ್ರಸಾರ ನಿಯಂತ್ರಣಾಧಿಕಾರಿಯಾಗಿ ಬಂದರು. 1936ರ ಜೂನಿನಲ್ಲಿ ಸೇವೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು. ಫೀಲ್ಡನ್ ಬಂದ ವರ್ಷವೇ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಆಕಾಶವಾಣಿ ಎಂಬ ಪುಟ್ಟ ಕೇಂದ್ರ ತೆರೆದಿದ್ದರು.

ಬಿಬಿಸಿಯಿಂದ ಭಾರತಕ್ಕೆ ತಂತ್ರಜ್ಞಾನವೂ ಪರಿಣತರೂ ಬಂದರು, ಸನ್ನದು ಮಾತ್ರ ಬರಲಿಲ್ಲ. ಬಾನುಲಿ ಸರ್ಕಾರಿ ಇಲಾಖೆಯಾಗಿಯೇ ಉಳಿಯಿತು, ಸ್ವಾತಂತ್ರ್ಯಾನಂತರವೂ. ಸ್ವಾಯತ್ತ ನಿಗಮಕ್ಕಾಗಿ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಅಂಗೀಕಾರವಾಗಿ 1997ರಲ್ಲಷ್ಟೇ ಜಾರಿಗೆ ಬಂದಿತು.

ಭಾರತಕ್ಕೆ ಸ್ವಯಮಾಡಳಿತ ಕೊಡುವುದನ್ನು ವಿರೋಧಿಸುತ್ತಿದ್ದ ಚರ್ಚಿಲ್, ಆ ಕುರಿತು ಮಾತನಾಡಲು ಬಾನುಲಿಯಲ್ಲಿ ಸಮಯ ಬೇಡಿದರು; ಹಣ ಕೊಡಲೂ ಸಿದ್ಧರಾದರು. ರೀತ್ ಒಪ್ಪಲಿಲ್ಲ. ಪಕ್ಷಗಳ ಅಧಿಕೃತ ನಾಯಕರ ಒಪ್ಪಿಗೆಯಿಂದ ರಾಜಕೀಯ ಭಾಷಣಗಳನ್ನು ಹಂಚುತ್ತಿದ್ದ ವ್ಯವಸ್ಥೆಯಲ್ಲಿ ಸ್ವಪಕ್ಷದ ವಿರುದ್ಧ ನಿಂತವರಿಗೆ ಜಾಗವಿರಲಿಲ್ಲ. ಚರ್ಚಿಲ್ ಇದನ್ನು ಮರೆಯಲಿಲ್ಲ. ಭಾರತದ ವೈಸ್‌ರಾಯ್ ಆಗಬೇಕೆಂಬ ಹಂಬಲ ರೀತ್ ಅವರಿಗಿತ್ತು, ಅದು ಈಡೇರಲಿಲ್ಲ.

ಬಿಬಿಸಿಯ ನಂತರ

1938ರ ಜೂನಿನಲ್ಲಿ ರೀತ್ ಬಿಬಿಸಿ ತೊರೆದು ಇಂಪೀರಿಯಲ್ ಏರ್‌ವೇಸ್ ವಿಮಾನಯಾನ ಸಂಸ್ಥೆಯ ಅಧ್ಯಕ್ಷರಾದರು. 1940ರ ಜನವರಿಯಲ್ಲಿ ಪ್ರಧಾನಿ ಚೇಂಬರ್ಲಿನ್ ಅವರನ್ನು ಮಾಹಿತಿ ಸಚಿವರನ್ನಾಗಿ ನೇಮಿಸಿದರು. ಹದಿನಾರು ವರ್ಷ ಸರ್ಕಾರದ ಆಚೆ ಬದಿಯಲ್ಲಿ ಕುಳಿತು ಚೌಕಾಸಿ ಮಾಡಿದವರು ಈಗ ಈಚೆ ಬದಿಗೆ ಬಂದಿದ್ದರು. ಮೇ ತಿಂಗಳಲ್ಲಿ ಚರ್ಚಿಲ್ ಪ್ರಧಾನಿಯಾದ ಕೂಡಲೇ ಇವರನ್ನು ಸಾರಿಗೆ ಖಾತೆಗೆ, ನಂತರ ಕಾಮಗಾರಿ ಖಾತೆಗೆ ಕಳುಹಿಸಿ, 1942ರ ಫೆಬ್ರುವರಿಯಲ್ಲಿ ಮಂತ್ರಿಮಂಡಲದಿಂದ ಕೈಬಿಟ್ಟರು. ಈ ನಡುವೆ 1940ರಲ್ಲಿ ಸ್ಟೋನ್‌ಹೇವನ್ನಿನ ಬ್ಯಾರನ್ ರೀತ್ ಎಂಬ ಬಿರುದಿನೊಂದಿಗೆ ಮೇಲ್ಮನೆಯ ಸದಸ್ಯರಾಗಿದ್ದರು. ಯುದ್ಧದ ಉಳಿದ ಅವಧಿಯಲ್ಲಿ ನೌಕಾಪಡೆಯ ಮೀಸಲು ದಳದ ಅಧಿಕಾರಿಯಾಗಿ ದುಡಿದರು. ನಂತರ ಹೊಸ ಪಟ್ಟಣಗಳ ಯೋಜನಾ ಸಮಿತಿ, ವಸಾಹತು ಅಭಿವೃದ್ಧಿ ನಿಗಮ ಮುಂತಾದವುಗಳ ಅಧ್ಯಕ್ಷತೆ ವಹಿಸಿದರೂ, ತಮ್ಮ ಶಕ್ತಿಗೆ ತಕ್ಕ ಹೊಣೆ ಸಿಗಲಿಲ್ಲವೆಂಬ ಕಹಿ ಹೋಗಲಿಲ್ಲ. 1949ರಲ್ಲಿ ಇಂಟು ದ ವಿಂಡ್ ಎಂಬ ಆತ್ಮಕಥೆ ಪ್ರಕಟವಾಯಿತು.

ಜಾಹೀರಾತಿನಿಂದ ನಡೆಯುವ ದೂರದರ್ಶನಕ್ಕೆ ಅವಕಾಶ ಕೊಡಲು ಸರ್ಕಾರ ಮುಂದಾದಾಗ, 1952ರ ಮೇ ತಿಂಗಳಿನಲ್ಲಿ ಮೇಲ್ಮನೆಯಲ್ಲಿ ಮಾತನಾಡಿದ ರೀತ್, ಅದನ್ನು ಹಿಂದೆ ದೇಶಕ್ಕೆ ಹೊರಗಿನಿಂದ ಬಂದ ಸಿಡುಬು ಮತ್ತು ಪ್ಲೇಗ್ ಮಾರಿಗಳಿಗೆ ಹೋಲಿಸಿದರು. ಅವರ ವಿರೋಧ ಫಲಿಸಲಿಲ್ಲ. 1954ರ ಕಾಯ್ದೆಯಂತೆ 1955ರ ಸೆಪ್ಟೆಂಬರ್ 22ರಂದು ಐಟಿವಿ ಪ್ರಸಾರ ಆರಂಭಿಸಿತು. ಖಾಸಗಿ ಕಂಪನಿಗಳು ಕಾರ್ಯಕ್ರಮ ತಯಾರಿಸಿದರೂ ಪ್ರಸಾರದ ಮೇಲ್ವಿಚಾರಣೆಯನ್ನು ಪ್ರತ್ಯೇಕ ಸಾರ್ವಜನಿಕ ಪ್ರಾಧಿಕಾರಕ್ಕೆ ವಹಿಸಲಾಯಿತು; ಸುದ್ದಿ ನಿಷ್ಪಕ್ಷಪಾತವಾಗಿರಬೇಕೆಂಬ ನಿಯಮ ಅದಕ್ಕೂ ಅನ್ವಯಿಸಿತು. ರೀತ್ ದ್ವೇಷಿಸಿದ ಸಂಸ್ಥೆಯೂ ಅವರು ಹಾಕಿದ ಚೌಕಟ್ಟಿನೊಳಗೇ ಕೆಲಸ ಮಾಡಬೇಕಾಯಿತು.

ಕೊನೆಯ ದಿನಗಳು

1965ರಿಂದ 1968ರವರೆಗೆ ರೀತ್ ಗ್ಲಾಸ್ಗೋ ವಿಶ್ವವಿದ್ಯಾಲಯದ ಲಾರ್ಡ್ ರೆಕ್ಟರ್ ಆಗಿದ್ದರು. ಇವರ ಗೌರವಾರ್ಥ ಬಿಬಿಸಿ 1948ರಲ್ಲಿ ಆರಂಭಿಸಿದ ರೀತ್ ಉಪನ್ಯಾಸಗಳಲ್ಲಿ ಮೊದಲನೆಯವನ್ನು ಬರ್ಟ್ರಂಡ್ ರಸೆಲ್ ನೀಡಿದರು. ರೀತ್ 1971ರ ಜೂನ್ 16ರಂದು ಎಡಿನ್‌ಬರೋದಲ್ಲಿ ನಿಧನರಾದರು. ಅಸ್ಥಿಯನ್ನು ಸ್ಕಾಟ್ಲೆಂಡಿನ ರಾಥಿಮರ್ಕಸ್ ಎಂಬಲ್ಲಿನ ಪಾಳುಬಿದ್ದ ಹಳೆಯ ಚರ್ಚಿನ ಆವರಣದಲ್ಲಿ ಇರಿಸಲಾಯಿತು.

ದಶಕಗಳ ಕಾಲ ಅವರು ಬರೆದಿಟ್ಟ ದಿನಚರಿಯ ಆಯ್ದ ಭಾಗಗಳು 1975ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಸಂಪಾದಕತ್ವದಲ್ಲಿ ಹೊರಬಂದವು. ಸಮಕಾಲೀನರ ಬಗ್ಗೆ, ಅದರಲ್ಲೂ ಚರ್ಚಿಲ್ ಬಗ್ಗೆ, ತೀವ್ರ ತಿರಸ್ಕಾರವೂ 1930ರ ದಶಕದ ಸರ್ವಾಧಿಕಾರಿಗಳ ದಕ್ಷತೆಯ ಕುರಿತು ಮೆಚ್ಚುಗೆಯೂ ಅದರಲ್ಲಿ ಕಾಣಸಿಗುತ್ತವೆ. ಮಗಳು ಮರಿಸ್ಟಾ ಲೀಷ್‌ಮನ್ 2006ರಲ್ಲಿ ಪ್ರಕಟಿಸಿದ ತಂದೆಯ ಜೀವನಚರಿತ್ರೆಯೂ ಈ ಮುಖವನ್ನು ಮರೆಮಾಚುವುದಿಲ್ಲ.